ಯಾವ ಭಾಷೆಯಲ್ಲೂ ಇಲ್ಲದ ಊರು

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಡೆಟ್ರಾಯಿಟ್‌ನಿಂದ ಉತ್ತರಕ್ಕೆ ಹೊರಟು ಎರಡು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಕಾರು ಓಡಿಸಿದರೆ ಸ್ಟ್ಯಾಂಡಿಶ್ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿ ದೊಡ್ಡ ಹೆದ್ದಾರಿಯನ್ನು ಬಿಟ್ಟು 23ನೇ ನಂಬರಿನ ರಸ್ತೆ ಹಿಡಿಯಬೇಕು. ಮುಂದೆ ಬಲಕ್ಕೆ ಹ್ಯೂರನ್ ಸರೋವರ ಮರಗಳ ಸಂದಿಯಿಂದ ಆಗಾಗ ಇಣುಕುತ್ತದೆ. ಎಡಕ್ಕೆ ಪೈನ್ ಮರಗಳು, ಬೇಸಿಗೆ ಮುಗಿದು ಬಾಗಿಲು ಹಾಕಿದ ಐಸ್‌ಕ್ರೀಮ್ ಅಂಗಡಿಗಳು, ಸೌದೆ ಮಾರಾಟಕ್ಕಿದೆ ಎಂಬ ಕೈಬರಹದ ಹಲಗೆಗಳು. ಅಷ್ಟು ದೂರಕ್ಕೊಮ್ಮೆ ಒಂದು ಫಲಕ, ಇಲ್ಲಿಂದ ಬೇರೆ ಕೌಂಟಿ, ಅಂದರೆ ಬೇರೆ ಆಡಳಿತ ವಿಭಾಗ ಎಂದು ತಿಳಿಸಲು. ಅರೇನ್ಯಾಕ್. ಐಯಾಸ್ಕೊ. ಅಲ್ಕೋನ. ಅಲ್ಪೀನ.

ಮೊದಲ ಸಲ ಈ ದಾರಿಯಲ್ಲಿ ಹೋದಾಗ ಹಿಂದಿನ ಸೀಟಿನಲ್ಲಿದ್ದ ಮಗಳು ಈ ಹೆಸರುಗಳನ್ನು ಒಂದೊಂದಾಗಿ ಓದಿ, "ಇದೆಲ್ಲ ಯಾವ ಭಾಷೆ?" ಎಂದು ಕೇಳಿದಳು. "ಇಲ್ಲಿನ ಮೂಲನಿವಾಸಿಗಳದ್ದು" ಎಂದೆ, ಗೊತ್ತಿಲ್ಲದ್ದನ್ನು ಮಕ್ಕಳಿಗೆ ಹೇಳುವಾಗ ಅಪ್ಪಂದಿರಿಗೆ ಎಲ್ಲಿಂದಲೋ ಬರುವ ಆ ಧೈರ್ಯದಿಂದ. ಒಂದು ವಾರದ ನಂತರ ನಾನು ಹೇಳಿದ್ದು ತಪ್ಪೆಂದು ತಿಳಿಯಿತು. ಆ ನಾಲ್ಕೂ ಹೆಸರುಗಳು ಯಾವ ಭಾಷೆಗೂ ಸೇರಿದವಲ್ಲ. ಒಬ್ಬ ಸರ್ಕಾರಿ ಅಧಿಕಾರಿ ಮೇಜಿನ ಮುಂದೆ ಕುಳಿತು, ಅಲ್ಲೊಂದು ಇಲ್ಲೊಂದು ಅಕ್ಷರ ಹೆಕ್ಕಿ, ಅಂಟು ಹಚ್ಚಿ ಮಾಡಿದವು.

ಆತನ ಹೆಸರು ಹೆನ್ರಿ ರೋ ಸ್ಕೂಲ್‌ಕ್ರಾಫ್ಟ್. 1793ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದಲ್ಲಿ ಹುಟ್ಟಿದವನು. ಖನಿಜಗಳನ್ನು ಹುಡುಕುತ್ತ ಪಶ್ಚಿಮಕ್ಕೆ ಬಂದು, 1822ರಲ್ಲಿ ಸೂ ಸೇಂಟ್ ಮರಿ ಎಂಬ ಗಡಿ ಊರಿನಲ್ಲಿ ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಏಜೆಂಟ್ ಆದ. ಮರುವರ್ಷ ಅಲ್ಲಿಯೇ ಮದುವೆಯಾದ. ಹುಡುಗಿ ಜೇನ್ ಜಾನ್‌ಸ್ಟನ್. ತಂದೆ ಐರ್ಲೆಂಡಿನ ಉತ್ತರ ಭಾಗದಿಂದ ಬಂದ ತುಪ್ಪಳದ ವ್ಯಾಪಾರಿ. ತಾಯಿ ಒಜಿಬ್ವೆ ಜನಾಂಗದ ಹೆಸರಾಂತ ನಾಯಕ ವಾಬೋಜೀಗ್‌ನ ಮಗಳು. ಜೇನ್‌ಗೆ ಒಜಿಬ್ವೆ ಹೆಸರೂ ಇತ್ತು: ಬಾಮೆವಾವಾಗೆಝಿಕಾಕ್ವೆ. ನಕ್ಷತ್ರಗಳು ಆಕಾಶದಲ್ಲಿ ಧಾವಿಸುವಾಗ ಆಗುವ ಸದ್ದಿನ ಹೆಣ್ಣು ಎಂದು ಅದರ ಅರ್ಥ ಹೇಳುತ್ತಾರೆ. ಇಂಥ ಹೆಸರಿರುವವಳನ್ನು ಮನೆಯಲ್ಲೇ ಇಟ್ಟುಕೊಂಡು ಈ ಮನುಷ್ಯ ಹೆಸರಿಗಾಗಿ ಅರಬ್ಬಿ, ಲ್ಯಾಟಿನ್ ಎಂದು ಏಕೆ ತಡಕಾಡಿದನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ತಡಕಾಡಿದ್ದಂತೂ ನಿಜ. 1832ರಲ್ಲಿ ಒಜಾವಿಂದಿಬ್ ಎಂಬ ಒಜಿಬ್ವೆ ದಾರಿಗಾರ ಅವನನ್ನು ಮಿಸಿಸಿಪ್ಪಿ ನದಿ ಹುಟ್ಟುವ ಸರೋವರದ ದಂಡೆಗೆ ತಂದು ನಿಲ್ಲಿಸಿದ. ಅದಕ್ಕೆ ಒಜಿಬ್ವೆಯಲ್ಲಿ ಆಗಲೇ ಹೆಸರಿತ್ತು; ಎಲ್ಕ್ ಎಂಬ ದೊಡ್ಡ ಜಿಂಕೆಯ ಸರೋವರ ಎಂದು. ಸ್ಕೂಲ್‌ಕ್ರಾಫ್ಟ್‌ನಿಗೆ ಅದು ಸಾಲದಾಯಿತು. 'ನಿಜವಾದ ತಲೆ', ಅಂದರೆ ನಿಜವಾದ ಮೂಲ ಎನ್ನುವುದಕ್ಕೆ ಲ್ಯಾಟಿನ್‌ನಲ್ಲಿ ಏನನ್ನುತ್ತಾರೆ ಎಂದು ಜೊತೆಗಿದ್ದ ಪಾದ್ರಿಯನ್ನು ಕೇಳಿದ. ವೆರಿಟಾಸ್ ಕಾಪುಟ್ ಎಂದು ಉತ್ತರ ಬಂತು. ಮುಂದಿನ 'ವೆರ್' ಕತ್ತರಿಸಿ, ಹಿಂದಿನ 'ಪುಟ್' ಕತ್ತರಿಸಿ, ಉಳಿದದ್ದನ್ನು ಕೂಡಿಸಿದ: ಇಟಾಸ್ಕಾ. ಇಂದಿಗೂ ಆ ಸರೋವರಕ್ಕೆ ಅದೇ ಹೆಸರು. ತಲೆ ಬುಡವಿಲ್ಲದ ಮಾತು ಎಂದು ನಾವು ಬೈಯುತ್ತೇವಲ್ಲ, ಇದು ಅಕ್ಷರಶಃ ಅಂಥದ್ದು. ಅದರಲ್ಲೂ ಹೇಳಹೊರಟದ್ದು 'ತಲೆ' ಎಂದೇ!

ಕಸುಬು ಕೈಗೆ ಹತ್ತಿತು. ಮಿಷಿಗನ್ ಆಗ ಇನ್ನೂ ರಾಜ್ಯವಾಗಿರಲಿಲ್ಲ. ಪ್ರಾಂತ್ಯದ ಶಾಸನ ಸಭೆಯಲ್ಲಿ 1828ರಿಂದ ನಾಲ್ಕು ವರ್ಷ ಅವನೂ ಸದಸ್ಯನಾಗಿದ್ದ. ಹೊಸ ಕೌಂಟಿಗಳಿಗೆ ಹೆಸರು ಬೇಕಾದಾಗಲೆಲ್ಲ ಅವನ ಚೀಲದಲ್ಲಿ ಹೆಸರುಗಳಿದ್ದವು. ಅರೇನ್ಯಾಕ್ ಎಂಬುದರಲ್ಲಿ ಮುಂದಿನದು ಲ್ಯಾಟಿನ್‌ನ ಅರೇನಾ, ಮರಳು. ಹಿಂದಿನದು 'ಜಾಗ' ಎಂಬರ್ಥದ ಮೂಲನಿವಾಸಿ ಭಾಷೆಗಳ ತುಂಡು. ಆಸ್ಕೋಡ ಎಂಬುದು ಕಲ್ಲು ಮತ್ತು ಹುಲ್ಲುಗಾವಲಿನ ಒಜಿಬ್ವೆ ಪದಗಳ ಅರ್ಧರ್ಧ. ಆಸ್ಕೋಡ ಎಂಬ ಊರು ಇರುವುದು ಆಸ್ಕೋಡ ಕೌಂಟಿಯಲ್ಲಲ್ಲ, ಐಯಾಸ್ಕೊ ಕೌಂಟಿಯಲ್ಲಿ. ವಿಳಾಸ ಬರೆಯುವವರ ಪಾಡು ಅವರಿಗೇ ಪ್ರೀತಿ. ಅಲ್ಪೀನದಲ್ಲಿ 'ಅಲ್' ಅರಬ್ಬಿಯದು, ಬೀಜಗಣಿತದ ಇಂಗ್ಲಿಷ್ ಹೆಸರಾದ ಆಲ್ಜೀಬ್ರಾದಲ್ಲಿರುವ ಅದೇ ಆಲ್. ಉಳಿದದ್ದು ಒಂದು ಕಾಡುಕೋಳಿಯ ಒಜಿಬ್ವೆ ಹೆಸರು. ಅಲ್ಕೋನ ಇನ್ನೂ ಮುಂದೆ ಹೋಯಿತು. ಅಲ್ ಮತ್ತೆ ಅರಬ್ಬಿ. 'ಕೋ' ಎಂದರೆ ಬಯಲು. 'ನ' ಎಂದರೆ ಉತ್ತಮವಾದದ್ದು. ಮೂರೂ ಸೇರಿ 'ಒಳ್ಳೆಯ ಬಯಲು'. ಹೀಗೆಂದು ಹೆಸರಿಟ್ಟವನೇ ಹೇಳಬೇಕು, ಬೇರೆ ಯಾರಿಗೂ ತಿಳಿಯುವ ಹಾಗಿಲ್ಲ.

ನನಗೆ ಇದರ ಬಗ್ಗೆ ಮೊದಮೊದಲು ಸಿಟ್ಟು ಬರಲಿಲ್ಲ, ನಗು ಬಂತು. ನನ್ನ ತಂಗಿಯ ಮಗಳ ಹೆಸರು ಅಪ್ಪನ ಹೆಸರಿನ ಮೊದಲಕ್ಷರ, ಅಮ್ಮನ ಹೆಸರಿನ ಕೊನೆಯಕ್ಷರ ಸೇರಿ ಆದದ್ದು. ಯಾವ ನಿಘಂಟಿನಲ್ಲೂ ಇಲ್ಲ. ಶಾಲೆಯಲ್ಲಿ ಅರ್ಥ ಬರೆದುಕೊಂಡು ಬರಲು ಹೇಳಿದಾಗ ಮನೆಯವರೆಲ್ಲ ಕುಳಿತು ಸಂಸ್ಕೃತದ ಒಂದು ಅರ್ಥವನ್ನು ಸೃಷ್ಟಿಸಿದರು. ಈಗ ಅದೇ ನಿಜವಾಗಿದೆ. ಹುಡುಗಿ ಕರೆದರೆ ಓಗೊಡುತ್ತಾಳೆ. ಹೆಸರಿಗೆ ಇನ್ನೇನು ಬೇಕು?

ಆದರೆ ಒಂದು ಸಣ್ಣ ವಿಷಯ ನನ್ನ ನಗುವನ್ನು ನಿಲ್ಲಿಸಿತು. ಒಜಿಬ್ವೆ ಭಾಷೆಯಲ್ಲಿ 'ಲ' ಇಲ್ಲ. ಅಕ್ಷರವಿಲ್ಲ ಎಂದಲ್ಲ, ಆ ಧ್ವನಿಯೇ ಇಲ್ಲ. 'ರ' ಕೂಡ ಇಲ್ಲ. ಈಗ ಆ ಹೆಸರುಗಳನ್ನು ಮತ್ತೊಮ್ಮೆ ಓದಿ ನೋಡಿ: ಅಲ್ಕೋನ, ಅಲ್ಪೀನ, ಕಲ್ಕಾಸ್ಕ, ಲೀಲನಾ, ಟಸ್ಕೋಲ. ಮೂಲನಿವಾಸಿಗಳದ್ದೆಂದು ತೋರುವಂತೆ ಮಾಡಿದ ಹೆಸರುಗಳು, ಆ ನೆಲದ ಭಾಷೆಯಲ್ಲಿ ಉಚ್ಚರಿಸಲಾಗದ ಧ್ವನಿಯಿಂದ ತುಂಬಿವೆ. ನನ್ನ ಹೆಸರಿನಲ್ಲಿರುವ 'ಳ'ವನ್ನು ಇಲ್ಲಿನ ಸಹೋದ್ಯೋಗಿಗಳು ಹದಿನೈದು ವರ್ಷಗಳಿಂದ 'ಲ' ಎಂದೇ ಹೇಳುತ್ತಿದ್ದಾರೆ. ನಾನೂ ಫೋನಿನಲ್ಲಿ ಹಾಗೆಯೇ ಹೇಳಿಕೊಳ್ಳಲು ಕಲಿತಿದ್ದೇನೆ. ಆ ಕಿರಿಕಿರಿ ನನಗೆ ಗೊತ್ತು. ಆದರೆ ನನ್ನ ಮನೆಯ ಗೇಟಿಗೇ ನಾನು ಉಚ್ಚರಿಸಲಾಗದ ಹೆಸರನ್ನು ಬರೆದು, ಇದು ನಿನ್ನದೇ ಭಾಷೆ ಎಂದು ಯಾರೂ ಹೇಳಿಲ್ಲ.

ಲೀಲನಾ ಹೆಸರಿನ ಕಥೆಯಲ್ಲಿ ಜೇನ್ ಮತ್ತೆ ಬರುತ್ತಾಳೆ. 1826-27ರ ಚಳಿಗಾಲದಲ್ಲಿ, ಸೂ ಸೇಂಟ್ ಮರಿ ಹಿಮದಲ್ಲಿ ಹೂತುಹೋಗಿದ್ದಾಗ, ಗಂಡ ಹೆಂಡತಿ ಸೇರಿ ಕೈಬರಹದ ಪತ್ರಿಕೆಯೊಂದನ್ನು ಹೊರಡಿಸುತ್ತಿದ್ದರು. ಅದರಲ್ಲಿ ಜೇನ್ ಬರೆಯುತ್ತಿದ್ದ ಕಾವ್ಯನಾಮಗಳಲ್ಲಿ ಒಂದು ಲೀಲಿನಾ. ಗಂಡ ಅದನ್ನು ಮುಂದೆ ಒಂದು ಕೌಂಟಿಗೆ ಇಟ್ಟ. ಇಂಗ್ಲಿಷಿನಲ್ಲೂ ಒಜಿಬ್ವೆಯಲ್ಲೂ ಕವಿತೆ ಬರೆದ ಆಕೆಯನ್ನು ಅಮೆರಿಕದ ಮೂಲನಿವಾಸಿಗಳ ಮೊದಲ ಸಾಹಿತಿಗಳಲ್ಲಿ ಒಬ್ಬಳೆಂದು ಈಗ ಗುರುತಿಸುತ್ತಾರೆ. ಮಕ್ಕಳನ್ನು ದೂರದ ಪೂರ್ವ ಕರಾವಳಿಯ ಶಾಲೆಗೆ ಬಿಟ್ಟು ಮನೆಗೆ ಮರಳುವಾಗ ಆಕೆ ಒಜಿಬ್ವೆಯಲ್ಲಿ ಬರೆದ ಪದ್ಯವೊಂದಿದೆ. ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ಕಳಿಸಿದ ದುಃಖ ಮಾತೃಭಾಷೆಯಲ್ಲಿ ಬಂದಿದೆ. ಅದಕ್ಕೆ ನಾನು ಏನೂ ಸೇರಿಸುವುದಿಲ್ಲ.

ಈಗ ಅಲ್ಕೋನಕ್ಕೆ ಬರುತ್ತೇನೆ, ಏಕೆಂದರೆ ಇಷ್ಟು ಹೊತ್ತು ಹೇಳಬೇಕೆಂದಿದ್ದದ್ದು ಅದನ್ನೇ. ಅಲ್ಕೋನ ಅದರ ಮೊದಲ ಹೆಸರಲ್ಲ.

ಕೌಂಟಿ ಹುಟ್ಟುವ ಬಗೆಯನ್ನು ಮೊದಲು ಎರಡು ಮಾತಿನಲ್ಲಿ ಹೇಳಬೇಕು. ಕೌಂಟಿಯೆಂದರೆ ನಮ್ಮ ತಾಲ್ಲೂಕಿಗಿಂತ ದೊಡ್ಡದು, ಜಿಲ್ಲೆಗಿಂತ ಚಿಕ್ಕದು ಎಂದುಕೊಳ್ಳಿ. ಒಂದು ನ್ಯಾಯಾಲಯ, ಒಬ್ಬ ಶೆರಿಫ್, ಜಮೀನಿನ ಕಾಗದಪತ್ರ ನೋಂದಾಯಿಸುವ ಕಚೇರಿ. ನಮ್ಮಲ್ಲಿ ಜನ ಮೊದಲು, ಕಚೇರಿ ಆಮೇಲೆ. ಇಲ್ಲಿ ತಿರುಗುಮುರುಗು. 1785ರ ಭೂ ಕಾನೂನಿನಂತೆ ಸರ್ವೆಯವರು ಕಾಡಿನ ಮೇಲೆ ಆರು ಮೈಲಿಗೆ ಆರು ಮೈಲಿಯ ಚೌಕಗಳನ್ನು ಎಳೆದರು. ಪ್ರತಿ ಚೌಕದಲ್ಲಿ 36 ತುಂಡು, ಪ್ರತಿ ತುಂಡು 640 ಎಕರೆ. ಅಂಥ ಹದಿನಾರು ಚೌಕಗಳನ್ನು ಗುಂಪು ಮಾಡಿದರೆ ಹೆಚ್ಚುಕಡಿಮೆ ಒಂದು ಕೌಂಟಿ. ನದಿ ಎಲ್ಲಿ ತಿರುಗುತ್ತದೆ, ಗುಡ್ಡ ಎಲ್ಲಿ ಏಳುತ್ತದೆ ಎಂದು ಗೆರೆ ಕೇಳುವುದಿಲ್ಲ. 1837ರ ಜನವರಿಯಲ್ಲಿ ಮಿಷಿಗನ್ ರಾಜ್ಯವಾಯಿತು. 1840ರ ಏಪ್ರಿಲ್ 1ರಂದು ಶಾಸನ ಸಭೆ ಉತ್ತರದ ಕಾಡಿನಲ್ಲಿ ಒಂದೇ ಏಟಿಗೆ ಹಲವಾರು ಕೌಂಟಿಗಳನ್ನು ಗುರುತಿಸಿ ಹೆಸರಿಟ್ಟಿತು. ಅಲ್ಲಿ ತೆರಿಗೆ ಕಟ್ಟುವವರಿರಲಿಲ್ಲ, ಓಟು ಹಾಕುವವರಿರಲಿಲ್ಲ. ಇದ್ದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಪಟ್ಟಿಯಲ್ಲಿ ಹ್ಯೂರನ್ ದಂಡೆಯ ಈ ತುಂಡಿಗೆ ಇಟ್ಟ ಹೆಸರು ನೆಗ್ವೇಗಾನ್.

ನೆಗ್ವೇಗಾನ್ ಒಬ್ಬ ಮನುಷ್ಯ. ಮೂಲನಿವಾಸಿ ನಾಯಕ. ಹೆಸರಿಗೆ ರೆಕ್ಕೆ ಎಂದು ಅರ್ಥ. 1812ರ ಯುದ್ಧದಲ್ಲಿ ಈ ಸರೋವರಗಳ ನಾಡಿನ ಹೆಚ್ಚಿನ ಬುಡಕಟ್ಟುಗಳು ಬ್ರಿಟಿಷರ ಜೊತೆ ನಿಂತಾಗ ಈತ ಅಮೆರಿಕದ ಪಕ್ಷ ಹಿಡಿದ. ಯುದ್ಧ ಮುಗಿಯಿತು, ಅಮೆರಿಕ ಉಳಿಯಿತು. ಗೆದ್ದ ಪಕ್ಷದಲ್ಲಿದ್ದವನಿಗೆ ಸಿಕ್ಕಿದ್ದೇನು ಎಂಬುದಕ್ಕೆ ಸರ್ಕಾರವೇ ಬರೆದಿಟ್ಟ ದಾಖಲೆಯಿದೆ. 1836ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಒಡಾವ ಮತ್ತು ಒಜಿಬ್ವೆ ನಾಯಕರು ಮಿಷಿಗನ್‌ನ ಬಹುದೊಡ್ಡ ಭಾಗವನ್ನು ಬಿಟ್ಟುಕೊಟ್ಟ ಒಪ್ಪಂದಕ್ಕೆ ಸಹಿ ಹಾಕಿದರು. ಸರ್ಕಾರದ ಪರವಾಗಿ ಮೇಜಿನ ಆಚೆ ಕುಳಿತವನು ಸ್ಕೂಲ್‌ಕ್ರಾಫ್ಟ್. ಅದರ ಹನ್ನೊಂದನೆಯ ವಿಧಿಯಲ್ಲಿ ನೆಗ್ವೇಗಾನ್ ಬರುತ್ತಾನೆ. ಈ ಮುದಿ ನಾಯಕ ಬಡತನಕ್ಕೆ ಬಿದ್ದಿದ್ದಾನೆ, ಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರದ ಗಟ್ಟಿ ಮಿತ್ರನಾಗಿದ್ದು ಅದರಿಂದಾಗಿ ಬಹಳ ಕಷ್ಟಪಟ್ಟಿದ್ದಾನೆ, ಆದ್ದರಿಂದ ಬದುಕಿರುವವರೆಗೆ ವರ್ಷಕ್ಕೆ 100 ಡಾಲರ್ ಕೊಡತಕ್ಕದ್ದು, ನಗದಾಗಿಯೋ ಸಾಮಾನಾಗಿಯೋ ಅವನ ಇಷ್ಟ ಎಂದು ಆ ವಿಧಿ ಹೇಳುತ್ತದೆ. 'ಅವನ ಇಷ್ಟ' ಎಂಬ ಮಾತಿನಲ್ಲಿ ಮೂಡುವ ಧಾರಾಳವನ್ನು ಗಮನಿಸಿ. ಲಕ್ಷಾಂತರ ಎಕರೆಗಳ ಮಾತು ನಡೆದಿದ್ದ ಕಾಗದದಲ್ಲಿ ಇಷ್ಟವೆಂಬುದು ಒಬ್ಬ ಮುದುಕನಿಗೆ ನೂರು ಡಾಲರಿನ ಮಟ್ಟಿಗೆ ಸಿಕ್ಕಿತು.

(ಒಂದು ವಿವರ: ಅಲ್ಕೋನದ ನೆಲ ಕೈಬಿಟ್ಟಿದ್ದು 1836ರಲ್ಲಲ್ಲ. ಆ ಒಪ್ಪಂದದ ಗಡಿ ಸ್ವಲ್ಪ ಉತ್ತರದ ಥಂಡರ್ ಬೇ ನದಿ. ಅದರ ದಕ್ಷಿಣದ ನೆಲವನ್ನು 1819ರಲ್ಲಿಯೇ ಸ್ಯಾಗಿನಾ ಒಪ್ಪಂದದಲ್ಲಿ ಗವರ್ನರ್ ಲೂಯಿಸ್ ಕ್ಯಾಸ್ ಬರೆಸಿಕೊಂಡಿದ್ದ.)

ನಾಲ್ಕು ವರ್ಷದ ನಂತರ ಅವನ ಹೆಸರು ನಕ್ಷೆಯ ಮೇಲೆ ಬಂತು. ಅವನ ಜೊತೆಗೆ ಇನ್ನೂ ಕೆಲವು ನಾಯಕರು, ಪ್ರಾಣಿ ಪಕ್ಷಿಗಳು, ಮಳೆಗಾಳಿ. ಆ ಹಳೆಯ ಪಟ್ಟಿಯನ್ನು ಓದಲು ನನಗೆ ಇಷ್ಟ: ಮಿಕನಾಕ್ ಎಂದರೆ ಆಮೆ, ಮೀಗಿಸೀ ಎಂದರೆ ಹದ್ದು, ವಬಸೀ ಎಂದರೆ ಹಂಸ, ಅನಮಿಕಿ ಎಂದರೆ ಗುಡುಗು, ಚೆಯೋನೋಕ್ವೆಟ್ ಎಂದರೆ ದೊಡ್ಡ ಮುಗಿಲು. ಕಾಗುಣಿತ ಕೆಟ್ಟಿರಬಹುದು, ಬರೆದವರ ಕಿವಿ ಮಂದವಿರಬಹುದು. ಆದರೂ ಒಜಿಬ್ವೆ ಬಲ್ಲವರು ಓದಿದರೆ ಇಂಥದ್ದೆಂದು ತಿಳಿಯುತ್ತಿತ್ತು.

ಮೂರೇ ವರ್ಷ. 1843ರ ಮಾರ್ಚ್ 8ರಂದು ಅದೇ ಶಾಸನ ಸಭೆ ಹದಿನಾರು ಕೌಂಟಿಗಳ ಹೆಸರು ಬದಲಿಸಿತು. ಹದ್ದು ಆಂಟ್ರಿಮ್ ಆಯಿತು. ಆಮೆ ರಾಸ್ಕಾಮನ್ ಆಯಿತು. ಕ್ಲೇರ್, ವೆಕ್ಸ್‌ಫರ್ಡ್, ಎಮ್ಮೆಟ್ ಸೇರಿ ಐದು ಹೆಸರುಗಳು ಐರ್ಲೆಂಡಿನವು. ಎಮ್ಮೆಟ್ ಮಾತ್ರ ಊರಲ್ಲ. ಬ್ರಿಟಿಷರು 1803ರಲ್ಲಿ ಗಲ್ಲಿಗೇರಿಸಿದ ಐರಿಷ್ ಬಂಡಾಯಗಾರ ರಾಬರ್ಟ್ ಎಮ್ಮೆಟ್. ದೊಡ್ಡ ಮುಗಿಲು ಫ್ರೆಂಚ್ ಮನೆತನದ ಹೆಸರಾಗಿ ಮಾಂಟ್‌ಮೊರೆನ್ಸಿ ಆಯಿತು. ಹಂಸ ಕಲ್ಕಾಸ್ಕ ಆಯಿತು, ಗುಡುಗು ಅಲ್ಪೀನ ಆಯಿತು. ಕೊಲ್ಲಿಯ ಹೆಸರನ್ನು ಬದಲಿಸಲು ಮರೆತರೋ ಏನೋ, ಅಲ್ಪೀನ ಪಟ್ಟಣದ ಎದುರಿನ ನೀರಿಗೆ ಇಂದಿಗೂ ಇಂಗ್ಲಿಷಿನಲ್ಲಿ 'ಗುಡುಗಿನ ಕೊಲ್ಲಿ' ಎಂದೇ ಹೆಸರು.

ನೆಗ್ವೇಗಾನ್ ಅಲ್ಕೋನ ಆದ.

ಈ ಬದಲಾವಣೆಯ ಹಿಂದೆ ಒಂದು ಜಗಳವಿತ್ತು ಎಂಬ ಕಥೆ ಅಲ್ಲೆಲ್ಲ ಓಡಾಡುತ್ತದೆ. ಮ್ಯಾಕಿನಾಕ್ ದ್ವೀಪದ ಒಬ್ಬ ಐರಿಷ್ ರಾಜಕಾರಣಿಗೂ ಸ್ಕೂಲ್‌ಕ್ರಾಫ್ಟ್‌ಗೂ ಆಗಿಬರುತ್ತಿರಲಿಲ್ಲವಂತೆ. 1841ರಲ್ಲಿ ಸ್ಕೂಲ್‌ಕ್ರಾಫ್ಟ್ ಕೆಲಸ ಕಳೆದುಕೊಂಡು ಊರು ಬಿಟ್ಟ ಮೇಲೆ ಆತ ಸೇಡು ತೀರಿಸಿಕೊಂಡು ತನ್ನ ನಾಡಿನ ಹೆಸರುಗಳನ್ನು ತುರುಕಿದನಂತೆ. ಕೇಳಲು ಚೆನ್ನಾಗಿದೆ. ಆದರೆ ಸೇಡಿನ ಕಥೆಯಾದರೆ ಅಲ್ಕೋನ, ಅಲ್ಪೀನ, ಐಯಾಸ್ಕೊ, ಕಲ್ಕಾಸ್ಕಗಳು ಅದೇ ಕಾಯಿದೆಯಲ್ಲಿ ಹೇಗೆ ಬಂದವು? ಅವೆಲ್ಲ ಸ್ಕೂಲ್‌ಕ್ರಾಫ್ಟ್‌ನ ಕುಲುಮೆಯಲ್ಲೇ ತಯಾರಾದವು ಎನ್ನುತ್ತಾರಲ್ಲ. ಜಗಳವಾಡಿದವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು ಎಂದೇ ನನಗೆ ತೋರುತ್ತದೆ: ಹೋಗಬೇಕಾದ ಹೆಸರುಗಳು ಯಾವುವು ಎಂಬುದರಲ್ಲಿ. ಜೇನ್ ಅದಕ್ಕೆ ಹಿಂದಿನ ವರ್ಷವೇ, 1842ರ ಮೇನಲ್ಲಿ, ಕೆನಡಾದಲ್ಲಿದ್ದ ತಂಗಿಯ ಮನೆಯಲ್ಲಿ ತೀರಿಕೊಂಡಿದ್ದಳು. ಗಂಡ ಆಗ ಇಂಗ್ಲೆಂಡಿನಲ್ಲಿದ್ದ.

ಅಲ್ಕೋನ ಎಂಬ ಹೆಸರಿನ ಕೆಳಗೆ ಕೌಂಟಿ ಮಾತ್ರ ಇನ್ನೂ ಇರಲಿಲ್ಲ. ತಾಯಿ ಇಲ್ಲದ ಮಗುವನ್ನು ಮನೆಯಿಂದ ಮನೆಗೆ ದಾಟಿಸುವಂತೆ ಅದನ್ನು ಅಕ್ಕಪಕ್ಕದ ಕೌಂಟಿಗಳ ಆಡಳಿತಕ್ಕೆ ಒಂದಾದ ಮೇಲೊಂದರಂತೆ ಅಂಟಿಸಿದರು. ದಂಡೆಯಲ್ಲಿ ಮೀನುಗಾರರು ಬಂದರು, ಮರ ಕೊಯ್ಯುವ ಕಾರ್ಖಾನೆ ಬಂತು. ಕಾರ್ಖಾನೆ ಕೊಂಡ ಹ್ಯಾರಿಸ್ ಮನೆತನದಿಂದ ಊರಿಗೆ ಹ್ಯಾರಿಸ್‌ವಿಲ್ ಎಂದು ಹೆಸರಾಯಿತು. 1869ರಲ್ಲಿ, ಅಂದರೆ ನಕ್ಷೆಯ ಮೇಲೆ ಹುಟ್ಟಿ 29 ವರ್ಷಗಳಾದ ಮೇಲೆ, ಅಲ್ಕೋನಕ್ಕೆ ಸ್ವಂತ ಆಡಳಿತ ಸಿಕ್ಕಿತು. ಮರುವರ್ಷ ಹ್ಯಾರಿಸ್‌ವಿಲ್ ಬಳಿಯ ಸ್ಟರ್ಜನ್ ಪಾಯಿಂಟ್‌ನಲ್ಲಿ ದೀಪಸ್ತಂಭ ಬೆಳಗಿತು. ಬಿಳಿ ಗೋಪುರ, ಕೆಂಪು ತಲೆ, ಈಗಲೂ ಇದೆ.

ಹೆಸರಿನಲ್ಲಿದ್ದ 'ಬಯಲು' ಆಗ ಬಹುಪಾಲು ಕಾಡೇ ಆಗಿತ್ತು. ನೇರ ಎತ್ತರದ ಬಿಳಿ ಪೈನ್. ಬ್ಲ್ಯಾಕ್ ರಿವರ್ ಎಂಬಲ್ಲಿ ನೆಲೆ ಮಾಡಿಕೊಂಡ ಆಲ್ಜರ್, ಸ್ಮಿತ್ ಕಂಪನಿ ಆ ಮರಗಳನ್ನು ಉರುಳಿಸಿ ಸರೋವರದ ಮೇಲೆ ಸಾಗಿಸಿತು. ಅದರ ಒಡೆಯ ರಸೆಲ್ ಆಲ್ಜರ್ ಮುಂದೆ ಮಿಷಿಗನ್‌ನ ಗವರ್ನರ್ ಆದ, ಆಮೇಲೆ ದೇಶದ ಯುದ್ಧ ಖಾತೆಯ ಮಂತ್ರಿಯೂ ಆದ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ದೊಡ್ಡ ಪೈನ್‌ಗಳ ಕಥೆ ಮುಗಿದಿತ್ತು, ಮೋಟುಗಳು ಉಳಿದಿದ್ದವು. ಸ್ಕೂಲ್‌ಕ್ರಾಫ್ಟ್ ಬರೆದ ಸುಳ್ಳು ಅರ್ಥವನ್ನು ಗರಗಸ ನಿಜ ಮಾಡಿತು.

ಈಗ ಅಲ್ಲಿ 10 ಸಾವಿರ ಚಿಲ್ಲರೆ ಜನ. ಮರ ಮತ್ತೆ ಬೆಳೆದಿದೆ, ಮೊದಲಿನಷ್ಟು ಎತ್ತರವಲ್ಲ. ಹ್ಯಾರಿಸ್‌ವಿಲ್‌ನಲ್ಲಿ ಕಾಫಿ ಕುಡಿಯಲು ಹೋದಲ್ಲಿ ಪಕ್ಕದ ಮೇಜಿನ ವೃದ್ಧೆಯೊಬ್ಬರು ನನ್ನ ಮಗಳ ಜೊತೆ ಮಾತಿಗೆ ಬಿದ್ದರು. ತಾನು ಅಲ್ಕೋನದವಳು, ತನ್ನ ಅಮ್ಮನೂ ಅಲ್ಕೋನದವಳೇ ಎಂದರು. ಅವರು ಆ ಹೆಸರನ್ನು ಹೇಳಿದ ರೀತಿಯಲ್ಲಿ, ನಡುವಿನ 'ಕೋ' ಸ್ವಲ್ಪ ಎಳೆದು, ಕೊನೆಯದನ್ನು ಬಾಯಲ್ಲೇ ಬಿಟ್ಟು, ಒಂದು ಕಣವೂ ಸುಳ್ಳಿರಲಿಲ್ಲ. ಅದು ಅರಬ್ಬಿ ಎಂದು ನಾನು ಹೇಳಲಿಲ್ಲ. ಆಲ್ ಅರಬ್ಬಿ, ಕೋ ಕಲ್ಪನೆ ಎಂದು ಕಾಫಿ ಕುಡಿಯುತ್ತಿರುವ ಅಜ್ಜಿಗೆ ಪಾಠ ಮಾಡುವಷ್ಟು ನಾನಿನ್ನೂ ಕೆಟ್ಟಿಲ್ಲ. ಸ್ಕೂಲ್‌ಕ್ರಾಫ್ಟ್ ಸುಮ್ಮನೆ ಒಂದು ಖಾಲಿ ಜಾಗಕ್ಕೆ ಈ ಹೆಸರು ಇಟ್ಟಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ. ಹುಟ್ಟಿಸಿದ ಪದವನ್ನು ಮೂರು ತಲೆಮಾರು ಬಾಯಲ್ಲಿಟ್ಟುಕೊಂಡರೆ ಅದೂ ಪದವೇ. ಕುರ್ಚಿ ಖಾಲಿಯಿರಲಿಲ್ಲ ಎಂಬುದೊಂದೇ ನನ್ನನ್ನು ಕಾಡುವುದು. ಅಲ್ಲಿ ಒಬ್ಬ ಮುದುಕ ಕುಳಿತಿದ್ದ.

ಅವನು ಪೂರ್ತಿ ಹೋಗಿಲ್ಲ ಎಂಬುದು ತಿಳಿದದ್ದು ನಕ್ಷೆಯಲ್ಲಿ. ಅಲ್ಕೋನ ಮತ್ತು ಅಲ್ಪೀನ ಕೌಂಟಿಗಳ ಗಡಿಯಲ್ಲಿ, ಹ್ಯೂರನ್ ದಂಡೆಯ ಮೇಲೆ ಒಂದು ರಾಜ್ಯ ಉದ್ಯಾನವಿದೆ: ನೆಗ್ವೇಗಾನ್. ಹೆಸರು ಕಿತ್ತುಕೊಂಡು ಒಂದು ಶತಮಾನಕ್ಕೂ ಹೆಚ್ಚು ಕಾಲವಾದ ಮೇಲೆ ಉದ್ಯಾನಕ್ಕೆ ಇಟ್ಟಿದ್ದಾರೆ. ನಾವು ಅಲ್ಲಿಗೆ ಹೊರಟೆವು. ಬೆಳಿಗ್ಗೆಯಿಂದ ಫೋನಿನ ಹೆಣ್ಣುದನಿ ಅರೇನ್ಯಾಕ್, ಐಯಾಸ್ಕೊ, ಅಲ್ಕೋನಗಳನ್ನು ಲೀಲಾಜಾಲವಾಗಿ ಹೇಳಿಕೊಂಡು ಬಂದಿತ್ತು. ಇಲ್ಲಿ ಎಡವಿತು. ಮೊದಲ ತಿರುವಿನಲ್ಲಿ ಒಂದು ರೀತಿ, ಎರಡನೆಯದರಲ್ಲಿ ಇನ್ನೊಂದು ರೀತಿ ಹೇಳಿತು. ಮಗಳು ಬಿದ್ದು ಬಿದ್ದು ನಕ್ಕಳು. ಟಾರು ಮುಗಿದು ಮರಳು ದಾರಿ ಶುರುವಾದ ಮೇಲೆ ಸಿಗ್ನಲ್ ಹೋಗಿ ಆ ದನಿಯೂ ನಿಂತಿತು. ಚಕ್ರಗಳು ಎರಡು ಸಲ ಹೂತವು. ಎರಡನೆಯ ಸಲ ಇಳಿದು ತಳ್ಳಬೇಕಾಯಿತು.

ದಂಡೆಯಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಉದ್ದಕ್ಕೆ ಬಾಗಿದ ಮರಳು, ಹಿಂದೆ ಪೈನ್, ಮುಂದೆ ಎದುರು ದಡವಿಲ್ಲದ ನೀರು. ರಾತ್ರಿ ಇಲ್ಲಿ ದೀಪಗಳ ಹಾವಳಿಯಿಲ್ಲ. ನಕ್ಷತ್ರ ನೋಡುವುದಕ್ಕಾಗಿ ಕತ್ತಲನ್ನು ಕಾಪಾಡುವ ತಾಣಗಳ ಪಟ್ಟಿಯಲ್ಲಿ ಮಿಷಿಗನ್ ಸರ್ಕಾರ ಇದನ್ನೂ ಸೇರಿಸಿದೆ. ನಮಗೆ ಕತ್ತಲಾಗುವವರೆಗೆ ಕಾಯುವ ಪುರುಸೊತ್ತಿರಲಿಲ್ಲ, ಮರುದಿನ ಸೋಮವಾರ. ಜೇನ್‌ಳ ಒಜಿಬ್ವೆ ಹೆಸರಿನ ಅರ್ಥವನ್ನು ಮಗಳಿಗೆ ಹೇಳಿದೆ. ನಕ್ಷತ್ರಕ್ಕೆ ಸದ್ದು ಇರುವುದಿಲ್ಲ, ನಡುವೆ ಗಾಳಿಯಿಲ್ಲ ಎಂದು ಅವಳು ವಿಜ್ಞಾನದ ಪಾಠ ಒಪ್ಪಿಸಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು.

ಮನೆ ತಲುಪಿದಾಗ ರಾತ್ರಿ ಹನ್ನೊಂದು. ಮರುದಿನ ಸಂಜೆ ಕಾರಿನ ಚಾಪೆ ಕೊಡವಿದೆ, ಅಂಗಳದ ಸಿಮೆಂಟಿನ ಮೇಲೆ ಒಂದು ಹಿಡಿ ಮರಳು ಬಿತ್ತು.

"ಅರೇನಾ" ಎಂದಳು ಮಗಳು, ದಾರಿಯಲ್ಲಿ ಕಲಿತದ್ದನ್ನು ನೆನಪಿಸಿಕೊಂಡು.

"ಅರೇನ್ಯಾಕ್‌ನದಲ್ಲ, ನೆಗ್ವೇಗಾನ್‌ನದು" ಎಂದೆ. ಹೇಳುವಾಗ ನಾನೂ ಸ್ವಲ್ಪ ತಡವರಿಸಿದೆ.